ಮುಚ್ಚುವ ಬಾಗಿಲು

ಹತ್ತು ತುಂಬುವುದರೊಳಗೆ ನಿನಗೆ ಬಾಗಿಲಿರೋ ಕೋಣೆ ಮಾಡಿಕೊಡ್ತೀನಿ ಅಂತ ಯೋರೀನ್ ಮಾತು ಕೊಟ್ಟಾಗ ಮಗಳು ಫೆನ್ನಾಗೆ ಆರು ವರ್ಷ, ಬಿದ್ದ ಹಾಲುಹಲ್ಲಿನ ಕಿಂಡಿಯಲ್ಲಿ ನಾಲಿಗೆ ತೂರಿಸುತ್ತ ನಿಜವಾಗ್ಲೂ ಮುಚ್ಚೋ ಬಾಗಿಲಾ ಅಮ್ಮ ಅಂತ ಕೇಳಿತ್ತು ಮಗು, ಹೂಂ, ನಿಜವಾಗ್ಲೂ ಮುಚ್ಚೋದು — ಅದು ಈಗಲೇ ಯಾಕೆ ನೆನಪಾಗಬೇಕು, ಎದುರಿಗೆ ನೋಟರಿಯಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕ್ರಯಪತ್ರ ಓದುತ್ತಿದ್ದಾಳೆ, ರಾಟರ್‌ಡ್ಯಾಮ್, ಕಾರ್ನಿಸ್ಸೆ ಬಡಾವಣೆ, ಮೂರನೇ ಮಹಡಿಯ ಮನೆ, ಕೆಳಗೆ ಸೈಕಲ್ ಇಡುವ ಗೂಡು ಸಮೇತ, ಒಂದೇ ರಾಗ, ಯೋರೀನ್ ತಾನೇ ಟ್ರಾಮ್ ಓಡಿಸುತ್ತ ಮುಂದಿನ ನಿಲ್ದಾಣ ಮುಂದಿನ ನಿಲ್ದಾಣ ಅಂತ ಕೂಗುವ ಹಾಗೆ, ನಾಲ್ಕಕ್ಕೆ ಎದ್ದು ಅರ್ಧ ಪಾಳಿ ಮುಗಿಸಿ ಬಂದ ಕಣ್ಣು ಉರಿಯುತ್ತಿದೆ, ಮೈಗೆ ಇನ್ನೂ ಟ್ರಾಮಿನ ಸಮವಸ್ತ್ರವೇ, ಪಕ್ಕದಲ್ಲಿ ಫೆನ್ನಾ ಶಾಲೆಗೆ ಚಕ್ಕರ್ ಹೊಡೆದು ಬಂದು ಕಾಲಾಡಿಸುತ್ತ ಕೂತಿದ್ದಾಳೆ, ಹದಿಮೂರು ವರ್ಷದ ಉದ್ದುದ್ದ ಕಾಲು, ಯೋರೀನ್‌ಳ ಅಕ್ಕನ ಮನೆಯ ಅಟ್ಟದಲ್ಲಿ ಮಡಚಿಕೊಂಡೇ ಬೆಳೆದ ಕಾಲು, ಅಲ್ಲಿ ತಾಯಿಗೂ ಮಗಳಿಗೂ ನಡುವೆ ಒಂದು ಪರದೆ, ಬಾತುಕೋಳಿ ಚಿತ್ರದ್ದು, ಹತ್ತು ತುಂಬಿದ ದಿನ ಹುಡುಗಿ ಮೇಣದಬತ್ತಿ ಊದಿ ಪರದೆಯ ಕಡೆ ಒಮ್ಮೆ ನೋಡಿದಳು ಅಷ್ಟೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು — ಮತ್ತೆ ಈವತ್ತು ಬೆಳಿಗ್ಗೆ, ಸಹಿಗೆ ಮುಂಚೆ ಎಲ್ಲರೂ ಮಾಡುವ ಹಾಗೆ ಕೊನೆಯ ಸಲ ಮನೆ ನೋಡಲು ಹೋದಾಗ, ಸಾಮಾನೆಲ್ಲ ಖಾಲಿಯಾಗಿ ಗೋಡೆ ಬತ್ತಲೆಯಾದ ಮೇಲೆ ಕಣ್ಣಿಗೆ ಬಿತ್ತಲ್ಲ, ಚಿಕ್ಕ ಕೋಣೆಗೆ ಬಾಗಿಲೇ ಇಲ್ಲ, ಚೌಕಟ್ಟು ಮಾತ್ರ, ಬರೀ ಕೀಲು, ಮೊದಲ ಸಲ ಅಲ್ಲಿ ಬೀರು ಅಡ್ಡ ಇತ್ತು, ಒದ್ದೆ ಮೂಲೆ ನೋಡಿದಳು, ಅಡಿಪಾಯದ ಮರದ ಕಂಬಗಳನ್ನು ವಿಚಾರಿಸಿದಳು, ಬಾಗಿಲು ನೋಡಲಿಲ್ಲ, ಏಳು ವರ್ಷ ಬಾಗಿಲು ಬಾಗಿಲು ಅಂತ ಜಪ ಮಾಡಿದವಳು ಬಾಗಿಲೇ ನೋಡಲಿಲ್ಲ, ಫೆನ್ನಾ ಚೌಕಟ್ಟಿನಲ್ಲಿ ನಿಂತು ಕೀಲನ್ನು ಬೆರಳಿನಿಂದ ಮುಟ್ಟಿ ಪರವಾಗಿಲ್ಲ ಬಿಡಮ್ಮ ಅಂದಳು, ಪರದೆ ಇದೆಯಲ್ಲ.

ನೋಡಬೇಕಾದ್ದನ್ನು ಬಿಟ್ಟು ನೋಡಬಾರದ್ದನ್ನು ನೋಡುವ ಕಣ್ಣು ಇದು, ಮೊದಲ ದಿನವೂ ಹಾಗೇ, ಮನೆ ನೋಡಲು ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಮೆಟ್ಟಿಲ ಮೇಲೆ ಮುಂದಿನವರ ಸಾಲು, ಮನೆ ಮಾರುತ್ತಿದ್ದ ಮುದುಕ ಕೊಯ್ಮನ್ ಹೊರಗೆ ಹೋಗುವುದಿಲ್ಲ ಅಂತ ಬ್ರೋಕರನ ಹತ್ತಿರ ಹಟ ಹಿಡಿದು ಅಡುಗೆಮನೆಯಲ್ಲೇ ಕೂತಿದ್ದ, ಯೋರೀನ್ ಮೊದಲು ಪಾಯಖಾನೆಗೆ ಹೋದಳು, ಅಲ್ಲಿ ಈ ದೇಶದ ಎಲ್ಲರ ಮನೆಯ ಪಾಯಖಾನೆಯಲ್ಲಿ ಇರುವ ಹಾಗೆ ಯಾರ ಹುಟ್ಟುಹಬ್ಬ ಯಾವತ್ತು ಅಂತ ಹೆಸರು ಬರೆದಿಡುವ ಕ್ಯಾಲೆಂಡರ್, ಕೂತವರ ಕಣ್ಣು ಆ ದಿನದ ತಾರೀಕಿಗೆ ಹೋಗದೆ ಇರುತ್ತದೆಯೇ, ಟ್ರೂಸ್ ಅಂತ ದುಂಡಗಿನ ಅಕ್ಷರ, ಹೊರಗೆ ಬಂದವಳೇ ಮುದುಕನ ಕೈ ಕುಲುಕಿ ಅಭಿನಂದನೆ ಯಜಮಾನ್ರೇ, ನಿಮ್ಮ ಟ್ರೂಸ್ ಹುಟ್ಟುಹಬ್ಬಕ್ಕೆ, ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಹೇಳುವುದು ಪದ್ಧತಿ, ಚಿಕ್ಕಂದಿನಿಂದ ನಾಲಿಗೆಗೆ ಅಂಟಿದ್ದು, ಮುದುಕನ ಬೆನ್ನ ಹಿಂದೆ ಬ್ರೋಕರ್ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದಾನೆ, ಆಗ ಹೊಳೆಯಿತು, ಟ್ರೂಸ್ ಇವನ ಹೆಂಡತಿ, ಈಗಿಲ್ಲ, ಮನೆಯಲ್ಲಿ ಒಂದೇ ಕಪ್ಪು, ಒಂದೇ ಚಪ್ಪಲಿ ಜೊತೆ, ಕ್ಯಾಲೆಂಡರಿನಲ್ಲಿ ಸತ್ತವರ ಹೆಸರಿನ ಮುಂದೆ ಒಂದು ಪುಟ್ಟ ಶಿಲುಬೆ ಹಾಕುತ್ತಾರೆ, ಈತ ಹಾಕಿಲ್ಲ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಮುದುಕ ಕೈ ಬಿಡಲಿಲ್ಲ, ಎರಡು ವರ್ಷದಿಂದ ಒಬ್ರೂ ನನಗೆ ಇದನ್ನ ಹೇಳಿಲ್ಲ ಕಣಮ್ಮ, ಎಲ್ರಿಗೂ ಹೆದರಿಕೆ, ಕೂತ್ಕೋ, ಕೇಕ್ ಇದೆ, ಒಬ್ನೇ ತಿಂದ್ರೆ ಸಕ್ಕರೆ ಕಾಯಿಲೆ ಜಾಸ್ತಿಯಾಗುತ್ತೆ ಅಂತಾರೆ ಡಾಕ್ಟ್ರು, ಇಬ್ರು ತಿಂದ್ರೆ ಏನೂ ಆಗಲ್ಲ, ಮೆಟ್ಟಿಲ ಮೇಲಿನವರು ಗೊಣಗುತ್ತಿರುವಾಗ ಅವಳು ಸೇಬಿನ ಕೇಕಿನ ಎರಡನೇ ತುಂಡು ತಿನ್ನುತ್ತಿದ್ದಳು, ಎಲ್ಲರೂ ಬೆಲೆ ಬರೆದುಕೊಟ್ಟ ಲಕೋಟೆ ಒಡೆದ ದಿನ ಅವಳಿಗಿಂತ ಜಾಸ್ತಿ ಬರೆದವರು ಇಬ್ಬರಿದ್ದರಂತೆ, ಕೇಕ್ ತಿಂದವಳಿಗೆ ಕೊಡಯ್ಯ ಅಂದನಂತೆ ಮುದುಕ, ಬ್ರೋಕರ್‌ಗೆ ಇನ್ನೂ ಅದು ಅರಗಿಲ್ಲ, ಈಗಲೂ ನೋಟರಿಯ ಕಚೇರಿ ಬಾಗಿಲ ಹತ್ತಿರ ಮುಖ ಊದಿಸಿಕೊಂಡೇ ನಿಂತಿದ್ದಾನೆ.

ಏನಾದರೂ ಕೇಳುವುದಿದೆಯೇ, ನೋಟರಿಯಮ್ಮ ಪೆನ್ನು ಚಾಚಿದ್ದಾಳೆ, ಇಲ್ಲ ಅನ್ನಬೇಕು, ಕೇಕ್ ತಿಂದು ಮನೆ ಪಡೆದವಳು ಇನ್ನೇನು ಕೇಳುವುದು, ಆದರೆ ಫೆನ್ನಾಳ ಕಾಲು ಆಡುವುದು ನಿಂತಿದೆ, ಬಾಗಿಲು ಅಂತ ಬಾಯಿಂದ ಬಂದೇಬಿಟ್ಟಿತು, ಚಿಕ್ಕ ಕೋಣೆ ಬಾಗಿಲು ಎಲ್ಲಿ ಯಜಮಾನ್ರೇ, ನುಸಿಗುಳಿಗೆ ವಾಸನೆಯ ಸೂಟು ಹಾಕಿ ಆ ಕಡೆ ಕೂತಿದ್ದ ಕೊಯ್ಮನ್‌ನ ಕಿವಿ ಕೆಂಪಾದವು, ಅಯ್ಯೋ ಅದು ಕೆಳಗೆ ಸೈಕಲ್ ಗೂಡಲ್ಲಿದೆ ಕಣಮ್ಮ, ಟ್ರೂಸ್‌ಗೆ ತರಿಸಿದ ಆಸ್ಪತ್ರೆ ಮಂಚ ಒಳಗೆ ಹಿಡೀಲಿಲ್ಲ ಅಂತ ಕಳಚಿದ್ದೆ, ಆಮೇಲೆ ಹಾಕೋಕೆ ಮನಸ್ಸು ಬರಲಿಲ್ಲ, ಮುಚ್ಚಿಬಿಟ್ರೆ ಅವಳು ಒಳಗೇ ಇದಾಳೆ ಅನ್ಸುತ್ತೆ ನೋಡು — ಸಹಿ, ಇನ್ನೊಂದು ಸಹಿ, ಕೀಲಿಕೈ ಅಂಗೈಯಲ್ಲಿ ತಣ್ಣಗೆ, ಟ್ರಾಮಿನಲ್ಲಿ ಮುದುಕನೂ ಸೇರಿ ಮೂವರೂ ಒಂದೇ ಸೀಟಿನ ಸಾಲು, ಇವತ್ತು ಯೋರೀನ್ ಪ್ರಯಾಣಿಕಳು, ಬ್ರೇಕ್ ಎಷ್ಟು ಜೋರಾಗಿ ಹಾಕ್ತಾನಪ್ಪ ಈ ಪುಣ್ಯಾತ್ಮ, ಗೂಡಿನ ಕತ್ತಲಲ್ಲಿ ಹಳೇ ಕಾರ್ಪೆಟ್ಟಿನ ಹಿಂದೆ ಬಾಗಿಲು, ಹಸಿರು, ಹಿತ್ತಾಳೆ ಹಿಡಿ, ಮೂರು ಮಹಡಿ, ಏಣಿಯಂಥ ಮೆಟ್ಟಿಲು, ಮುಂದೆ ಫೆನ್ನಾ ಹಿಂದೆ ಯೋರೀನ್, ಎಡಕ್ಕೆ ಎಡಕ್ಕೆ, ನನ್ನ ಎಡ ಅಲ್ಲ ನಿನ್ನ ಎಡ ಅಂತ ಕೆಳಗಿನಿಂದ ಮುದುಕನ ಅಪ್ಪಣೆ, ಅಮ್ಮ ನಗಬೇಡ ಕೈ ಜಾರುತ್ತೆ, ನಗುತ್ತಿರೋದು ನೀನು ಕಣೇ, ಭುಜ ಕಿತ್ತುಹೋಗುವ ಹಾಗೆ ನೋವು, ಆದರೂ ಮೈಯೆಲ್ಲ ಹಗುರ, ಎತ್ತಿ ಕೀಲಿಗೆ ಕೂರಿಸಿದರೆ ಕಿರ್ರ್ ಅಂದು ತೂಗಿತು, ಕೊಯ್ಮನ್ ಒಂದು ಸಲ ಬಾಗಿಲನ್ನು ಸವರಿ ಕೆಳಗಿಳಿದು ಹೋದ, ಮಗಳ ಮನೇಲಿ ಊಟಕ್ಕೆ ಕಾಯ್ತಿರ್ತಾರೆ ಅಂತ, ಫೆನ್ನಾ ಒಳಗೆ ಹೋದಳು, ಬರೀ ಕೋಣೆ, ಕುರ್ಚಿಯೂ ಇಲ್ಲ, ತಿರುಗಿ ನೋಡಿದಳು, ಮುಚ್ಚಲಾ, ಮುಚ್ಚು, ಹಸಿರು ಬಣ್ಣ, ಹಿತ್ತಾಳೆ ಹಿಡಿ, ಒಂದು ಕಟಕ್, ಯೋರೀನ್ ಹೊರಗೆ ನಿಂತಿದ್ದಾಳೆ, ಹಸಿರು ಬಾಗಿಲು, ಮುಚ್ಚಿದೆ, ಮುಚ್ಚಿಯೇ ಇದೆ, ಕೊಟ್ಟ ಮಾತು ಮೂರು ವರ್ಷ ತಡವಾಗಿ ನಡೆಯಿತು.