ಕೊನೆಯ ಭೇಟಿಯ ಅಂಕ

ನಮ್ಮ ಕೋಣೆಯಲ್ಲಿ ತಲೆಯಾಡಿಸುವಂತಿಲ್ಲ. ಎದುರಿಗೆ ಕೂತವರು ವಾರದಿಂದ ನಿದ್ದೆಯಿಲ್ಲ ಎಂದರೆ ಅಯ್ಯೋ ಎನ್ನುವಂತಿಲ್ಲ, ಈಗ ಪರವಾಗಿಲ್ಲ ಎಂದರೆ ನಗುವಂತಿಲ್ಲ. ಹದಿನಾಲ್ಕು ಪ್ರಶ್ನೆಗಳನ್ನು ಅಚ್ಚಾಗಿರುವ ಮಾತಿನಲ್ಲೇ ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಒಂದು ಅಂಕ ಹಾಕಬೇಕು. ಆತಂಕದ ಕಾಯಿಲೆಗೆ ಬಂದಿರುವ ಹೊಸ ಮಾತ್ರೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತೀರ್ಮಾನವಾಗುವುದು ಈ ಅಂಕಗಳಿಂದಲೇ. ಅರ್ಧ ಜನಕ್ಕೆ ನಿಜವಾದ ಮಾತ್ರೆ. ಉಳಿದರ್ಧಕ್ಕೆ ನೋಡಲು ಥೇಟು ಅದೇ, ಆದರೆ ಒಳಗೆ ಔಷಧವಿಲ್ಲದ್ದು. ಯಾರಿಗೆ ಯಾವುದೆಂದು ನುಂಗುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ತರಬೇತಿಯಲ್ಲಿ ನಮ್ಮ ಮುಖಗಳ ವಿಡಿಯೋ ತೆಗೆದು ನಮಗೇ ತೋರಿಸಿದ್ದರು. ಜೊತೆಯಲ್ಲಿದ್ದ ಒಬ್ಬಳ ಹುಬ್ಬು ಮೇಲೇರಿದ ಕ್ಷಣವನ್ನು ನಿಲ್ಲಿಸಿ, ಈ ಹುಬ್ಬಿನ ಬೆಲೆ ಎರಡು ಅಂಕ ಎಂದಿದ್ದರು. ನನ್ನ ವಿಡಿಯೋ ಬಂದಾಗ ಯಾರೂ ಏನೂ ಹೇಳಲಿಲ್ಲ. ಅಂದಿನಿಂದ ಇಲ್ಲಿ ನನಗೆ ಗೋಡೆ ಎಂದೇ ಹೆಸರು. ಇವಳ ಹೊಟ್ಟೆಯೊಳಗಿರುವುದು ಹೊರಗೆ ಬರಬೇಕಾದರೆ ಆಪರೇಷನ್ನೇ ಮಾಡಿಸಬೇಕು ಎಂದು ಅಮ್ಮ ಮೊದಲಿನಿಂದಲೂ ಹಂಗಿಸುತ್ತಿದ್ದಳು. ಮನೆಯಲ್ಲಿ ಕೊರತೆ ಎನಿಸಿಕೊಂಡದ್ದೇ ಇಲ್ಲಿ ಕೆಲಸ ಕೊಟ್ಟಿತು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಅವತ್ತು ಬೆಳಿಗ್ಗೆ ಹತ್ತೂವರೆಗೆ ಕ್ರೇನ್ ಆಪರೇಟರನ ಕೊನೆಯ ಭೇಟಿ. ನಮ್ಮ ಅಧ್ಯಯನಕ್ಕೂ ಅವನೇ ಕೊನೆಯವನು. ನನ್ನ ಪಾಲಿಗೆ ಬಂದವರಲ್ಲಿ ನಲವತ್ತನಾಲ್ಕನೆಯವನು. ಹದಿನಾರು ಮಹಡಿಯ ಎತ್ತರದಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ಹತ್ತೊಂಬತ್ತು ವರ್ಷ ಭಾರ ಎತ್ತಿ ಇಳಿಸಿದವನು. ನಾಲ್ಕು ತಿಂಗಳ ಹಿಂದೆ ಒಂದು ದಿನ, ಕಬ್ಬಿಣದ ತೊಲೆಯೊಂದು ಗಾಳಿಯಲ್ಲಿ ತೂಗುತ್ತಿರುವಾಗಲೇ ಅವನ ಎದೆ ಹಿಡಿದುಕೊಂಡಿತು. ಉಸಿರು ಸಿಗಲಿಲ್ಲ, ಕೈ ಮರಗಟ್ಟಿತು. ಇನ್ನೊಬ್ಬ ಮೇಲೆ ಹತ್ತಿ ಬಂದು ಇಳಿಸುವವರೆಗೆ, ಅರ್ಧ ಗಂಟೆ, ಆ ತೊಲೆ ಕೆಲಸದವರ ತಲೆಯ ಮೇಲೆ ತೂಗಾಡಿತು. ಹೃದಯ ಗಟ್ಟಿಯಾಗಿದೆ, ಇದು ಆತಂಕದ ಕಾಯಿಲೆ ಎಂದರು ಆಸ್ಪತ್ರೆಯವರು. ಕಂಪನಿ ಅವನನ್ನು ಕೆಳಗೆ ಉಗ್ರಾಣದಲ್ಲಿ ಹೆಲ್ಮೆಟ್ಟು, ಕೈಗವಸು ಹಂಚಲು ಕೂರಿಸಿತು. ವಾಸಿಯಾಗಿದೆ ಎಂಬ ಪತ್ರ ತಂದರೆ ಮತ್ತೆ ಮೇಲಕ್ಕೆ. ಕೊನೆಯ ಭೇಟಿಯ ಅಂಕ ಏಳಕ್ಕಿಂತ ಕೆಳಗೆ ಬಂದರೆ ಪತ್ರ ಕೊಡುವುದಾಗಿ ದೊಡ್ಡ ಡಾಕ್ಟರು ಹೇಳಿದ್ದರು. ಅವನ ಅಂಕಗಳು ಇಪ್ಪತ್ತೆಂಟು, ಇಪ್ಪತ್ತಮೂರು, ಹದಿನಾರು, ಒಂಬತ್ತು ಎಂದು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತ ಬಂದಿದ್ದವು.

ಅಂಕ ಹಾಕುವವರು ಮನೆಯವರ ಜೊತೆ ಮಾತಾಡಬಾರದೆಂಬ ನಿಯಮವಿದೆ. ಅವರನ್ನು ನರ್ಸು ನೋಡಿಕೊಳ್ಳುತ್ತಾಳೆ. ಅವತ್ತು ನರ್ಸು ರಜೆಯಲ್ಲಿದ್ದಳು. ನಾನು ಹೆಸರು ಕರೆಯಲು ಬಾಗಿಲಿಗೆ ಬಂದಾಗ ಅವನ ಅಕ್ಕ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದಾಕೆ, ನನ್ನ ತೋಳು ಹಿಡಿದೇಬಿಟ್ಟಳು.

“ಇವತ್ತು ಪಾಸೋ ಫೇಲೋ ಇವನು? ಸೋಮವಾರ ಮೇಲೆ ಹತ್ತಬೇಕು ಅಂತ ಕುಣೀತಿದಾನೆ. ನಮ್ಮನೆ ತಾರಸಿ ಮೇಲೆ ಬಟ್ಟೆ ಹಾಕಿ ಬಾರೋ ಅಂದ್ರೆ ಮಂಡಿ ನೋವಂತೆ. ಎರಡನೇ ಮಹಡಿಗೆ ನೋಯೋ ಮಂಡಿ ಹದಿನಾರನೇದಕ್ಕೆ ಅದ್ಹೇಗೆ ಸರಿಹೋಗುತ್ತೋ, ಆ ಮಂಡಿಗೇ ಗೊತ್ತು.”

“ಅಕ್ಕ, ಸುಮ್ನೆ ಕೂತ್ಕೋತೀಯಾ,” ಎಂದ ಅವನು, ದನಿ ಎತ್ತದೆ.

“ಕೂತೇ ಇದೀನಲ್ಲಪ್ಪ,” ಎಂದು ನಕ್ಕಳು.

ಮೊಗಸಾಲೆಯಲ್ಲಿ ಕೇಳಿದ್ದು ಕೋಣೆಯೊಳಗೆ ಬರಬಾರದು. ನಾನು ಬಾಗಿಲು ಹಾಕಿದೆ. ಆದರೂ ಆ ಮಂಡಿಯ ಮಾತು ಗಂಟಲಿಗೆ ಸಿಕ್ಕ ಮುಳ್ಳಿನಂತೆ ನನ್ನ ಜೊತೆಗೇ ಬಂತು.

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಕಿಟಕಿಯ ಗಾಜಿಗೆ ಮಂಜು ಬಣ್ಣದ ಹಾಳೆ ಅಂಟಿಸಿದೆ. ಗಡಿಯಾರ ಬಂದವರಿಗೆ ಕಾಣದಂತೆ ಅವರ ಬೆನ್ನ ಹಿಂದೆ. ಮೇಜಿನ ಮೇಲೆ ಅಂಕದ ಹಾಳೆ: ಎಡತುದಿಯಲ್ಲಿ ಸೊನ್ನೆಯ ಸಾಲು, ಬಲತುದಿಯಲ್ಲಿ ನಾಲ್ಕರ ಸಾಲು.

ಮೊದಲನೆಯ ಪ್ರಶ್ನೆ, ಏನೋ ಕೆಟ್ಟದ್ದಾಗುತ್ತದೆ ಎಂಬ ಚಿಂತೆ. ಇಲ್ಲ ಎಂದ. ಎರಡನೆಯದು, ಒಂದು ಕಡೆ ಕೂರಲಾಗದ ಚಡಪಡಿಕೆ. ಇಲ್ಲ. ಮೂರನೆಯದಕ್ಕೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಸಾಗಿತು. ನಾಲ್ಕನೆಯದು ನಿದ್ದೆ.

“ನಿದ್ದೆ... ಒಂದೆರಡು ಸಲ ಎಚ್ಚರ ಆಯ್ತು.”

ನನ್ನ ಕೈ ಹಾಳೆಯ ಮೇಲೆ ಬಲಕ್ಕೆ ಹೊರಟಿತು.

“ಅದು ಸೊಳ್ಳೆಗೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಕೈ ಎಡಕ್ಕೆ ವಾಪಸಾಯಿತು. ಅವನು ಉಸಿರು ಬಿಟ್ಟದ್ದು ಕೇಳಿಸಿತು.

ನಾನು ತಲೆಯೆತ್ತಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಹಿಂದಿನ ನಾಲ್ಕು ಭೇಟಿಗಳಲ್ಲೂ ಅವನು ತಲೆ ತಗ್ಗಿಸಿಯೇ ಕೂತಿದ್ದ. ನಾನು ಅದನ್ನು ಸಂಕೋಚ ಎಂದುಕೊಂಡಿದ್ದೆ.

ಐದನೆಯದು ಭಯ. ಕತ್ತಲೆ, ಎತ್ತರ, ಜನಜಂಗುಳಿ. ಯಾವುದೂ ಇಲ್ಲ ಎಂದ. ಇಲ್ಲ ಎಂದ ಮೇಲೆ ಪೆನ್ನು ಸೊನ್ನೆಗೆ ಹೋಗಬೇಕು. ನಾನು ಅದನ್ನು ಮೂರರ ಸಾಲಿನ ಮೇಲೆ ಒಯ್ದು, ಕಾಗದಕ್ಕೆ ತಾಗಿಸದೆ ಹಿಡಿದೆ. ಹಾಗೇಕೆ ಮಾಡಿದೆನೋ. ಒಂದೂವರೆ ವರ್ಷದಲ್ಲಿ ನಾನು ನಿಯಮ ಮೀರಿದ್ದು ಅದೇ ಮೊದಲು.

ಇಲ್ಲ, ಖಂಡಿತ ಇಲ್ಲ ಎಂದ ಅವನು. ಮೊನ್ನೆ ಬೇಕೆಂದೇ ಲಿಫ್ಟಿನಲ್ಲಿ ಹೋಗಿಬಂದೆ ಎಂದ. ನಾನು ಕೇಳಿರಲಿಲ್ಲ. ಪೆನ್ನು ಎರಡಕ್ಕೆ ತಂದೆ. ಒಬ್ಬನೇ ಹೋಗಿದ್ದೆ ಎಂದ. ಒಂದಕ್ಕೆ ತಂದೆ. ಕನ್ನಡಿಯಲ್ಲಿ ನೋಡಿಕೊಂಡೆ, ಆರಾಮಾಗಿದ್ದೆ ಎಂದ. ಸೊನ್ನೆಯ ಮೇಲೆ ತಂದಾಗ ಅವನ ಮಾತು ನಿಂತಿತು. ತೊಡೆಯ ಮೇಲಿದ್ದ ಅವನ ಬಲಗೈ, ಅವನಿಗೇ ತಿಳಿಯದಂತೆ, ನನ್ನ ಪೆನ್ನನ್ನು ಹಿಂಬಾಲಿಸುತ್ತ ಇಂಚಿಂಚೇ ಇಳಿದು ಈಗ ತಾನೂ ನಿಂತಿತ್ತು.

ನಾನು ಪೆನ್ನು ಕೆಳಗಿಟ್ಟೆ.

“ನನ್ನ ಕೈ ನೋಡ್ತಾ ಇದೀರಾ?”

ಮೌನಗಳು ನನಗೆ ಹೊಸವಲ್ಲ. ನೆನಪು ಹುಡುಕುವವರ ಮೌನ ಒಂದು ಥರ, ನಾಚಿಕೊಂಡವರದು ಇನ್ನೊಂದು ಥರ. ಅವುಗಳಿಗೆ ಹಾಳೆಯಲ್ಲಿ ಜಾಗವಿಲ್ಲ, ಆದರೆ ನಾನು ಗುರುತು ಹಿಡಿಯಬಲ್ಲೆ. ಇದು ಸಿಕ್ಕಿಬಿದ್ದವನ ಮೌನ.

“ಅದೇ ತಾನೆ ಮೇಡಂ ನನ್ನ ಕೆಲಸ,” ಎಂದ ಕೊನೆಗೆ.

ಮೇಲೆ ಕೂತವನಿಗೆ ಕೆಳಗಿರುವವರ ಮುಖ ಕಾಣುವುದಿಲ್ಲವಂತೆ. ವಾಕಿಟಾಕಿ ಇದೆ, ಆದರೆ ಗಾಳಿಯ ದಿನ ಅದರಲ್ಲಿ ಬರುವುದು ಬರೀ ಗೊರಗೊರ. ಕೆಳಗೆ ನಿಂತು ದಾರಿ ತೋರಿಸುವವನ ಕೈ ಒಂದನ್ನೇ ನಂಬಬೇಕು. ಬೆರಳಿನ ಒಂದು ಅಲುಗಾಟ ತಪ್ಪಿಸಿಕೊಂಡರೆ ಒಂದು ಜೀವ. ಹಾಗೆ ಹತ್ತೊಂಬತ್ತು ವರ್ಷ ನೋಡಿದ ಕಣ್ಣಿಗೆ ಎರಡನೆಯ ಭೇಟಿಯಲ್ಲೇ ತಿಳಿಯಿತಂತೆ: ಬಲಕ್ಕೆ ಹೋದರೆ ಕೆಟ್ಟದ್ದು, ಎಡಕ್ಕೆ ಬಂದರೆ ಒಳ್ಳೆಯದು. ಮೊದಮೊದಲು ಬೇಕೆಂದು ಮಾಡಲಿಲ್ಲ, ಕೈ ಬಲಕ್ಕೆ ಹೊರಟರೆ ಬಾಯಿ ತಾನಾಗಿಯೇ ಮಾತು ತಿದ್ದುತ್ತಿತ್ತು ಎಂದ. ಅದು ನಿಜವೆಂದು ನನಗೆ ಅನ್ನಿಸಿತು.

“ಸೋಮವಾರ ತಪ್ಪಿದ್ರೆ ಆ ಸೀಟು ಬೇರೆಯವನಿಗೆ ಖಾಯಂ. ಇನ್ನು ಒಂಬತ್ತು ಪ್ರಶ್ನೆ ಇದೆ. ನೀವು ಕೇಳಿ, ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ನಿಮ್ಮ ಕೆಲಸ ಅಷ್ಟೇ ಅಲ್ವಾ?”

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೇಲೆ ಹೋದ ಮೇಲೆ ಏನು ಎಂದು ಕೇಳಿದೆ. ಹೋದರೆ ಎಲ್ಲ ಸರಿಹೋಗುತ್ತದೆ, ಉಗ್ರಾಣದಲ್ಲಿ ಕೂತು ಕೂತೇ ಹೀಗಾಗಿರುವುದು ಎಂದ.

“ಕೆಳಗಿರೋರಿಗೆ?”

ಅವನ ಕಣ್ಣು ಮತ್ತೆ ನನ್ನ ಪೆನ್ನಿಗೆ ಹೋಯಿತು.

ಎದ್ದು ಕಪಾಟಿನಿಂದ ಹೊಸ ಹಾಳೆ ತೆಗೆದೆ. ಅದನ್ನು ಒಂದು ರಟ್ಟಿಗೆ ಸಿಕ್ಕಿಸಿ, ಎದೆಗೆ ಒರಗಿಸಿ ಹಿಡಿದೆ. ಈಗ ಅವನಿಗೆ ಕಾಣುತ್ತಿದ್ದದ್ದು ರಟ್ಟಿನ ಬೆನ್ನು ಮಾತ್ರ. ಮೊದಲನೆಯ ಪ್ರಶ್ನೆಯನ್ನು ಮತ್ತೆ, ಅದೇ ಮಾತಿನಲ್ಲಿ ಕೇಳಿದೆ. ಅವನ ಕಣ್ಣು ಮೇಜಿನ ಮೇಲೆ ಹುಡುಕಾಡಿತು, ನನ್ನ ಮೊಣಕೈಗೆ ಬಂತು, ಭುಜಕ್ಕೆ ಬಂತು. ಎಲ್ಲೂ ಏನೂ ಸಿಗದೆ ಕೊನೆಗೆ ನನ್ನ ಮುಖಕ್ಕೆ ಬಂದು ನಿಂತಿತು. ಅಲ್ಲೂ ಏನೂ ಇರಲಿಲ್ಲ. ನಾನು ಕಲಿತದ್ದೇ ಅದನ್ನು. ಅವನ ಹಣೆಯಲ್ಲಿ ಬೆವರು ಒಡೆಯಿತು.

ಗಡಿಯಾರದಲ್ಲಿ ಎರಡು ನಿಮಿಷ ಹೋಯಿತು. ಎರಡು ನಿಮಿಷದಲ್ಲಿ ಆ ಕೋಣೆಯ ಗಾಳಿಯೆಲ್ಲ ಮುಗಿದುಹೋದಂತಿತ್ತು. ಒಂದು ಮಾತು, ಹೆದರಬೇಡಿ ಎಂಬ ಒಂದೇ ಒಂದು ಮಾತು ನನ್ನ ನಾಲಿಗೆಯವರೆಗೆ ಬಂತು. ನುಂಗಿಕೊಂಡೆ.

“ಇದೆ,” ಎಂದ. “ಎದ್ದಾಗಿಂದ ಮಲಗೋ ತನಕ ಇದೆ.”

ಆಮೇಲೆ ಒಂದೊಂದಕ್ಕೂ ಅಷ್ಟೇ ಹೊತ್ತು ಹಿಡಿಯಿತು. ಲಿಫ್ಟಿಗೆ ಹೋಗಿದ್ದು ನಿಜ, ಬಾಗಿಲು ಮುಚ್ಚುವ ಮೊದಲೇ ಹೊರಗೆ ಬಂದಿದ್ದ. ನಿದ್ದೆ ಮೂರು ಗಂಟೆ. ತಾರಸಿಗೆ ಹೋಗಿ ಎರಡು ತಿಂಗಳಾಗಿತ್ತು. ಹದಿನಾಲ್ಕೂ ಮುಗಿಸಿ ಕೂಡಿದೆ. ಇಪ್ಪತ್ತಾರು. ಎಷ್ಟು ಬಂತು ಎಂದು ಕೇಳಿದ. ಹೇಳುವಂತಿಲ್ಲ ಎಂದೆ. ಅವನು ಸುಮ್ಮನೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಎರಡೂ ಹಾಳೆ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಒಂದೇ ದಿನ ಎರಡು ಸಲ ಕೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಕೈಯ ವಿಷಯ ಹೇಳಿದೆ. ಕನ್ನಡಕ ತೆಗೆದಿಟ್ಟರು. ಒಂದೂವರೆ ವರ್ಷದ ಕೆಲಸ, ಮುಂದಿನ ವಾರ ಲಕೋಟೆಗಳನ್ನು ಒಡೆದು ಯಾರಿಗೆ ಯಾವ ಮಾತ್ರೆ ಎಂದು ನೋಡುವುದಿತ್ತು.

“ಉಳಿದವರು ಯಾರೂ ಕ್ರೇನ್ ಓಡಿಸಲ್ಲಮ್ಮ,” ಎಂದರು ನಿಧಾನವಾಗಿ. “ಇವನೊಬ್ಬನದು ಅಂತ ಬರಿ. ಇವನನ್ನ ಬಿಟ್ಟು ಲೆಕ್ಕ ಹಾಕೋಣ.”

ಅವರು ಕೆಟ್ಟವರಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಎನ್ನುತ್ತಾರಲ್ಲ, ಆ ಕಡ್ಡಿಯನ್ನು ನನ್ನ ಕಡೆಗೂ ಚಾಚಿದ್ದರು. ಹಿಡಿಯಬೇಕೆಂದು ನನಗೂ ಆಸೆಯಾಯಿತು. ಆದರೆ ಅಲ್ಲಿ ನಿಂತಲ್ಲೇ ಇನ್ನೊಂದು ವಿಷಯ ಹೊಳೆಯಿತು. ನಾನು ಅಂಕ ಹಾಕಿದ ಅಷ್ಟೂ ಜನರಲ್ಲಿ ಒಬ್ಬರ ಅಂಕವೂ ಏರಿರಲಿಲ್ಲ. ಎಲ್ಲರದೂ ಇಳಿದಿತ್ತು. ಅದನ್ನು ನಾವು ಮಾತ್ರೆಯ ಗುಣವೆಂದು ಒಳಗೇ ಸಂತೋಷಪಟ್ಟಿದ್ದೆವು. ಅರ್ಧ ಜನರ ಮಾತ್ರೆಯಲ್ಲಿ ಔಷಧವೇ ಇರಲಿಲ್ಲ. ಕೈ ಓದಲು ಕ್ರೇನ್ ಓಡಿಸಲೇಬೇಕೆಂದಿಲ್ಲ. ಹೆದರಿದವರೆಲ್ಲರೂ ಎದುರಿಗಿರುವವರ ಯಾವುದನ್ನಾದರೂ ಓದುತ್ತಲೇ ಇರುತ್ತಾರೆ.

ಅದನ್ನೇ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕದ ಕಡ್ಡಿ ಮಡಿಸುತ್ತ ಬಿಚ್ಚುತ್ತ ಕೂತರು. ಆಮೇಲೆ ಅವನನ್ನು ಕರಿ ಎಂದರು.

ಅಕ್ಕನೂ ಜೊತೆಗೆ ಬಂದಳು. ಪತ್ರ ಕೊಡಲಾಗದು, ಪರೀಕ್ಷೆಯ ಮಾತ್ರೆ ಇವತ್ತಿಗೆ ಮುಗಿಯಿತು, ನಾಳೆಯಿಂದ ಗೊತ್ತಿರುವ ಔಷಧ ಶುರುಮಾಡೋಣ, ಒಬ್ಬರು ಜೊತೆಯಲ್ಲಿದ್ದು ಒಂದೊಂದೇ ಮಹಡಿ ಹತ್ತಿಸಿ ಅಭ್ಯಾಸ ಮಾಡಿಸುತ್ತಾರೆ, ತಿಂಗಳುಗಳೇ ಹಿಡಿಯಬಹುದು ಎಂದರು ದೊಡ್ಡ ಡಾಕ್ಟರು. ಕಂಪನಿಗೆ ತಾವು ತಿಳಿಸಬೇಕೋ, ಅವನೇ ಹೇಳುತ್ತಾನೋ ಎಂದು ಕೇಳಿದರು. ಅವನು ಫೋನ್ ತೆಗೆದ. ನಮ್ಮೆದುರಿಗೇ ಮೇಸ್ತ್ರಿಗೆ ಕರೆ ಮಾಡಿದ.

“ಸೋಮವಾರ ನಾನು ಹತ್ತಲ್ಲ,” ಎಂದ.

ಆ ಕಡೆಯಿಂದ ಜೋರು ದನಿ. ಮಾತು ತಿಳಿಯಲಿಲ್ಲ, ದನಿ ಮಾತ್ರ ಕೋಣೆಯಲ್ಲಿ ಸಣ್ಣಗೆ ಸುತ್ತಿತು.

“ಜ್ವರ ಅಲ್ಲ. ಮಂಡಿಯೂ ಅಲ್ಲ. ಭಯ. ಭಯ ಆಗುತ್ತೆ ಕಣೋ ನಂಗೆ.”

ಅಕ್ಕ ಚೀಲದ ಬಾಯಿ ಬಿಚ್ಚಿ ಅದರೊಳಗೆ ಏನನ್ನೋ ಹುಡುಕತೊಡಗಿದಳು, ಏನನ್ನೂ ತೆಗೆಯಲಿಲ್ಲ. ಅವನು ಫೋನ್ ಜೇಬಿಗಿಟ್ಟು, ನನ್ನ ಕಡೆ ನೋಡದೆ ಹೊರಗೆ ನಡೆದ. ಅವಳು ಬಾಗಿಲಲ್ಲಿ ನಿಂತಳು.

“ನಿಂಗೆ ಒಳ್ಳೇದಾಗಲಿ ಅನ್ನೋಕೆ ಇವತ್ತು ಬಾಯಿ ಬರ್ತಿಲ್ಲ ತಾಯಿ. ಇನ್ನೊಂದಿನ ಅಂತೀನಿ.”

ಅವರ ಹೆಜ್ಜೆಯ ಸದ್ದು ಮೊಗಸಾಲೆ ದಾಟುವವರೆಗೆ ಕಾದೆ. ಅವನು ನಿಧಾನ, ಅವಳು ಬಿರುಸು, ಮತ್ತೆ ಅವಳೂ ನಿಧಾನ. ನಿಯಮ ತಪ್ಪಿದಾಗ ತುಂಬುವ ನಮೂನೆಯೊಂದಿದೆ. ಅದನ್ನು ತೆಗೆದು ದೊಡ್ಡ ಡಾಕ್ಟರ ಮೇಜಿನ ಮೂಲೆಯಲ್ಲೇ ಬರೆಯಲು ಕೂತೆ. ತಪ್ಪು ಯಾರದು ಎಂಬಲ್ಲಿ ನನ್ನ ಹೆಸರು. ಯಾವಾಗಿನಿಂದ ಎಂಬಲ್ಲಿ, ಮೊದಲ ದಿನದಿಂದ. ಎಷ್ಟು ಜನರ ಅಂಕ ನಂಬಲು ಬರುವುದಿಲ್ಲ ಎಂಬ ಚೌಕದಲ್ಲಿ ನಲವತ್ತನಾಲ್ಕು ಎಂದು ಬರೆದು ಅವರ ಕಡೆ ಸರಿಸಿದೆ.

ಅವರು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಸಹಿ ಮಾಡುವ ಮುಂಚೆ, ಬಾಗಿಲು ಹಾಕಿ ಬಾ, ಒಂದೂವರೆ ವರ್ಷದ ಕೆಲಸ ಹೋಯಿತು ಎಂದರು.