ಬೇಲಿಯಾಚೆಯ ಹೂವು

"ಅತ್ತಿಗೆ, ನಿಲ್ಲಿ!" ಎಂದು ನಿವೃತ್ತ ಬಸ್ ಡ್ರೈವರ್ ಕೂಗುವಷ್ಟರಲ್ಲಿ ಕತ್ತರಿ ಕಚಕ್ಕೆಂದಿತ್ತು.

ಹಿತ್ತಲಿನಲ್ಲಿದ್ದದ್ದು ಅದೊಂದೇ ಕಾಡುಹೂವಿನ ಗಿಡ. ಅವನ ಹೆಂಡತಿಯ ಅಕ್ಕ ಅದನ್ನು ಇದ್ದ ಮೂರೇ ಎಲೆಗಳ ಸಮೇತ ಬುಡಕ್ಕೇ ಕತ್ತರಿಸಿದ್ದಳು.

"ತಂಗಿಗೆ ಇಷ್ಟ ಅಲ್ವಾ, ಶವಪೆಟ್ಟಿಗೆಯೊಳಗೆ ಅವಳ ಜೊತೆ ಇಡೋಣ ಅಂತ. ಒಂದು ಹೂವಿಗೆ ಯಾಕಿಷ್ಟು ಕೂಗ್ತೀರಿ? ಮುಂದಿನ ವರ್ಷ ಮತ್ತೆ ಬರುತ್ತೆ."

"ಎಲ್ಲಿಂದ ಬರುತ್ತೆ? ಎಲೆ ಹೋದ್ರೆ ಗೆಡ್ಡೆಗೆ ಊಟ ಇಲ್ಲ. ಯಾರಿಗೂ ಕೀಳೋಕೆ ಬಿಡಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ನಿನ್ನೆ ಹೆಂಡತಿ ತೀರಿಕೊಂಡು ಅವಳ ನರಳಾಟ ನಿಂತಾಗ ಅವನಿಗೆ ಮೊದಲು ಬಂದದ್ದು ನೆಮ್ಮದಿಯ ಉಸಿರು. ಅಳು ಬಂದದ್ದು ಈಗ.

*

ವರ್ಷಗಳ ಹಿಂದೆ ರಸ್ತೆಗೆಂದು ಕಾಡು ಕಡಿಯುತ್ತಿದ್ದಾಗ ಹೆಂಡತಿ ಆ ಗೆಡ್ಡೆಯನ್ನು ಊಟದ ಡಬ್ಬಿಯಲ್ಲಿಟ್ಟು ತಂದಿದ್ದಳು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈಗೆ ತಂಪು ಮಣ್ಣೆಂದರೆ ಪ್ರಾಣ. ವಸಂತದಲ್ಲಿ, ಮರಗಳು ಎಲೆ ಬಿಡುವ ಮೊದಲೇ, ಗಿಡ ಮೇಲೇಳುತ್ತಿತ್ತು. ಬಿಳಿ ಹೂ ಹಳೆಯದಾದಂತೆ ಗುಲಾಬಿಯಾಗುತ್ತಿತ್ತು. ಬೇಸಿಗೆ ನಡುವಿಗೆ ಎಲ್ಲ ಮಾಯ.

"ಸತ್ತೇ ಹೋಯ್ತು ಕಣೇ."

"ಸತ್ತಿಲ್ಲ ರೀ, ಮಲಗಿದೆ. ಭಾನುವಾರ ನೀವು ಮಲಗಲ್ವಾ, ಹಾಗೆ."

ಬೀಜವನ್ನು ಇರುವೆಗಳು ಹೊತ್ತೊಯ್ಯುವುದನ್ನು ಅವಳು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಅದರ ತುದಿಗಂಟಿದ ಕೊಬ್ಬನ್ನಷ್ಟೇ ತಿಂದು ಬೀಜ ಬಿಸಾಡುತ್ತವೆ, ಅಲ್ಲೇ ಹುಟ್ಟುತ್ತೆ ಎನ್ನುತ್ತಿದ್ದಳು. ಹುಟ್ಟಿದ್ದನ್ನು ಅವನಂತೂ ಕಂಡಿರಲಿಲ್ಲ. ಅವನ ಗಮನವೆಲ್ಲ ಪಕ್ಕದ ಮನೆಯ ಮರದಿಂದ ಉದುರುವ ತರಗೆಲೆಯ ಮೇಲೆ. ಪೊರಕೆ ಹಿಡಿದು ಗುಡಿಸಿದ್ದೇ ಗುಡಿಸಿದ್ದು. ಆ ತರಗೆಲೆಯ ಜಗಳದಲ್ಲೇ ಪಕ್ಕದ ಮನೆಯ ಕ್ಷೌರಿಕನೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

*

ಕ್ಷೌರಿಕ ಅಂಗಿಗೆ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಅಂತ್ಯಕ್ರಿಯೆಗೆ ಬಂದು, ಕತ್ತರಿಸಿದ ಹೂ ನೋಡಿ ನಿಂತ.

"ಅಣ್ಣ, ಕೋಪ ಬಿಟ್ಟು ಒಂದು ನಿಮಿಷ ನಮ್ಮ ಕಡೆ ಬನ್ನಿ."

ಬೇಲಿಯಾಚೆ, ಮರದ ಕೆಳಗೆ, ಯಾರೂ ಗುಡಿಸದ ತರಗೆಲೆಯ ನಡುವೆ ಬಿಳಿ ಹೂಗಳು ತಲೆ ಎತ್ತಿದ್ದವು. ಸುತ್ತಲೂ ಒಂದೇ ಎಲೆಯ ಮರಿಗಳು.

"ಇರುವೆ ತಂದಿದ್ದು," ಎಂದ ಕ್ಷೌರಿಕ. "ಹೂ ಬಿಡೋಕೇ ಏಳೆಂಟು ವರ್ಷ ಹಿಡೀತು."

"ಅವಳಿಗೆ ಗೊತ್ತಿತ್ತಾ?"

"ಅಯ್ಯೋ, ದಿನಾ ಬೇಲಿ ಹತ್ರ ಬಂದು ನೋಡ್ತಿದ್ರು. 'ನಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಪ್ಪ, ಪೊರಕೆ ಹಿಡ್ಕೊಂಡು ಇಲ್ಲಿಗೂ ಬಂದುಬಿಡ್ತಾರೆ' ಅಂತಿದ್ರು."

ಡ್ರೈವರ್ ಪಕ್ಕನೆ ನಕ್ಕುಬಿಟ್ಟ. ಕಣ್ಣೀರು ಸುರಿಯುತ್ತಲೇ ಇತ್ತು, ಎದೆ ಮಾತ್ರ ಹಗುರಾಗಿತ್ತು. ಮನೆಗೆ ಬಂದು ಅತ್ತಿಗೆಯ ಕೈಯಿಂದ ಹೂವನ್ನು ತಾನೇ ಇಸಿದುಕೊಂಡು ಹೆಂಡತಿಯ ಬೆರಳುಗಳ ನಡುವೆ ಇಟ್ಟ. ಆಮೇಲೆ ಬಾಗಿಲ ಹಿಂದಿದ್ದ ಪೊರಕೆಯನ್ನು ತಂದು ಕ್ಷೌರಿಕನಿಗೆ ಕೊಟ್ಟ.

"ಇನ್ನು ಇದು ಕೂದಲು ಗುಡಿಸೋಕೆ ನಿಮ್ಮ ಅಂಗಡೀಲಿರಲಿ."

ಅಷ್ಟರಲ್ಲಿ ಅವಳ ಶವಪೆಟ್ಟಿಗೆ ಎತ್ತಿದರು. ಎಲ್ಲಿಡಬೇಕೆಂದು ತೋಚದೆ, ಕ್ಷೌರಿಕ ಆ ಪೊರಕೆಯನ್ನು ಹಿಡಿದುಕೊಂಡೇ ಅವಳ ಹಿಂದೆ ನಡೆದ.