ಕಲ್ಲಿಗೆ ಬೆನ್ನು ಮಾಡಿ ಕೂತವರು

“ಆ ದ್ರೋಹಿ ಯಾರ ಮನೆಯವ ಅಂತ ನನ್ನೊಬ್ಬನ ಕಿವೀಲಿ ಹೇಳಿ ಮೇಡಂ. ದೇವರಾಣೆ, ಈ ಅಂಗಡಿ ಬಾಗಿಲು ದಾಟಲ್ಲ.”

ಕೊಪ್ಪ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ವಿಘ್ನೇಶ ಹೀಗೆ ಕೇಳಿದಾಗ ಶ್ರೀವಾಣಿ ಸುಮ್ಮನೆ ನಕ್ಕಳು. ಅವನ ಅಂಗಡಿಯ ಬಾಗಿಲು ದಾಟದ ಮಾತು ಕೊಪ್ಪದಲ್ಲಿ ಯಾವುದೂ ಇರಲಿಲ್ಲ.

ಅವಳ ಕಾದಂಬರಿ ಬಂದು ಆರು ತಿಂಗಳಾಗಿತ್ತು. ಏಳುನೂರು ವರ್ಷದ ಹಿಂದೆ, ಅಡ್ಡಗದ್ದೆಯ ಆಚೆಗಿನ ಕಣಿವೆಯಲ್ಲಿ ಊರ ದನ ಹೊಡೆದುಕೊಂಡು ಹೋಗಲು ಬಂದ ದಂಡನ್ನು ತಡೆದು ಸತ್ತ ಬೈಚನ ಕತೆ. ಅವನ ವೀರಗಲ್ಲು ಈಗಲೂ ಅಲ್ಲಿದೆ. ದೀಪಾವಳಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ ಸುತ್ತಲಿನ ಮನೆಗಳವರು ಸೇರಿ ಅದಕ್ಕೆ ಎಡೆ ಇಟ್ಟು, ಅಲ್ಲೇ ಸಾಲಾಗಿ ಕೂತು ಊಟ ಮಾಡುತ್ತಾರೆ.

ಎರಡು ವರ್ಷದ ಹಿಂದೆ ಶ್ರೀವಾಣಿ ಅದನ್ನು ನೋಡಲು ಹೋಗಿದ್ದಳು. ಎಲೆ ಹಾಸಿದ ಮೇಲೆ ಕೈ ತೊಳೆಯುವ ತನಕ ಅಲ್ಲಿ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಕಲ್ಲಿನ ಕಡೆ ಮುಖ ಮಾಡಿ ಕೂತರು. ಒಂದು ಮನೆಯವರು ಮಾತ್ರ ಕಲ್ಲಿಗೆ ಬೆನ್ನು ಮಾಡಿ ಕೂತರು. ಅವರು ಬಂದು ಕೂರುವ ತನಕ ಯಾರ ಎಲೆಗೂ ಅನ್ನ ಬೀಳಲಿಲ್ಲ. ಯಾಕೆಂದು ಆಮೇಲೆ ಕಲ್ಲಿನ ಪೂಜೆ ಮಾಡುವ ತಿಮ್ಮಪ್ಪನನ್ನು ಕೇಳಿದಳು. ಮೂರು ಮಧ್ಯಾಹ್ನ ಕೂತು ಬೈಚನ ಕತೆ ಹೇಳಿದ್ದ ಮನುಷ್ಯ, ಈ ಪ್ರಶ್ನೆಗೆ ಮಾತ್ರ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, “ಅದು ನಾನು ಹೇಳೂದಲ್ಲ” ಅಂದು ಸುಮ್ಮನಾಗಿಬಿಟ್ಟ.

ಆ ಮೌನ ಅವಳನ್ನು ಹಿಡಿದುಕೊಂಡಿತು. ಜನ ಬಾಯಿಬಿಟ್ಟು ಹೇಳುವುದರಲ್ಲಿ ಅವಳಿಗೆ ಎಂದೂ ಹೆಚ್ಚು ನಂಬಿಕೆ ಇರಲಿಲ್ಲ. ಹೇಳದೆ ಉಳಿಸಿದ್ದರಲ್ಲೇ ವಿಷಯ ಇರುತ್ತದೆ ಎಂದು ಎಂ.ಎ. ಓದುವಾಗಿನಿಂದ ತಿಳಿದವಳು. ಮುಚ್ಚಿಡುತ್ತಿದ್ದಾರೆ ಅಂದರೆ ಮುಚ್ಚಿಡುವಂಥದ್ದು ಇದೆ. ತಿಮ್ಮಪ್ಪನ ಕತೆಯಲ್ಲಿ ಒಂದೇ ಸಲ ಬಂದು ಹೋಗುವ ಮಾಚ ಎಂಬ ಗೆಳೆಯನನ್ನು ಅವಳು ದ್ರೋಹಿ ಮಾಡಿದಳು. ದಂಡಿಗೆ ಹಿಂದಿನ ಕಾಲುದಾರಿ ತೋರಿಸಿದವನು ಅವನೇ. ಕಾದಂಬರಿಯ ಕೊನೆಯ ವಾಕ್ಯ ಹೀಗಿತ್ತು: ‘ಇಂದಿಗೂ ಎಡೆಯ ದಿನ ಮಾಚನ ಮನೆಯವರು ಆ ಕಲ್ಲಿಗೆ ಮುಖ ತೋರಿಸುವುದಿಲ್ಲ, ಊರು ಅವರ ನಾಚಿಕೆ ನೋಡಿದ ಮೇಲೆಯೇ ಉಣ್ಣುತ್ತದೆ.’

ಓದುಗರು ಮರುಳಾದದ್ದು ಆ ವಾಕ್ಯಕ್ಕೆ. ಅದರ ಕೆಳಗೆ ಗೆರೆ ಎಳೆದು ಫೋಟೋ ಕಳಿಸಿದರು, ಸ್ಟೇಟಸ್ ಹಾಕಿಕೊಂಡರು. ಆಮೇಲೆ ಪತ್ತೆದಾರಿಕೆ ಶುರುವಾಯಿತು. ಶೃಂಗೇರಿಯ ಅಂಚೆ ಮುದ್ರೆ ಇದ್ದ, ಹೆಸರಿಲ್ಲದ ಕಾಗದವೊಂದು ಬಂತು: ‘ಆ ಮನೆ ಯಾವುದೆಂದು ನಮಗೆ ಗೊತ್ತಿದೆ. ಸೊಸೈಟಿ ಎಲೆಕ್ಷನ್ನಿನಲ್ಲಿ ಅವರು ಕೊನೇ ದಿನ ಯಾರ ಕಡೆ ಹೋದರೆಂದು ವಿಚಾರಿಸಿ. ರಕ್ತ ಎಲ್ಲಿಗೆ ಹೋಗುತ್ತದೆ?’

ಓದಿ ಅವಳಿಗೆ ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ.

ಓದುಗರ ಬಳಗದ ಸಭೆಯಲ್ಲಿ ಹರಿಹರಪುರದ ರಘುಪತಿ ಅರ್ಧ ಗಂಟೆ ಮಾತಾಡಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಬಳಗದ ಅಧ್ಯಕ್ಷರು. “ಶ್ರೀವಾಣಿಯವರು ಹೆಸರು ಹೇಳದೆ ಬೆರಳು ತೋರಿಸಿದ್ದಾರೆ, ಅದೇ ದೊಡ್ಡಸ್ತಿಕೆ” ಅಂದರು. ಆಗ ಎನ್.ಆರ್.ಪುರದಿಂದ ಬಂದಿದ್ದ ಹೆಂಗಸೊಬ್ಬರು ಎದ್ದು ನಿಂತರು.

“ಮಾಚನ ವಿಷಯ ನೀವು ಕೇಳಿದ್ದಾ, ಇಲ್ಲಾ ಕಟ್ಟಿದ್ದಾ?”

ಕಟ್ಟಿದ್ದು ಎನ್ನಲು ಒಂದು ಕ್ಷಣ ಸಾಕಿತ್ತು. ಶ್ರೀವಾಣಿ ಮುಗುಳ್ನಕ್ಕು, “ಅದನ್ನು ಓದುಗರಿಗೇ ಬಿಟ್ಟಿದ್ದೇನೆ” ಎಂದಳು. ಚಪ್ಪಾಳೆ ಬಿತ್ತು. ಆ ಹೆಂಗಸು ಮಾತ್ರ ಚಪ್ಪಾಳೆ ಹೊಡೆಯದೆ ಅವಳನ್ನೇ ನೋಡುತ್ತಾ ಕೂತರು.

ದೀಪಾವಳಿ ಕಳೆದ ಗುರುವಾರ ತಿಮ್ಮಪ್ಪನ ಫೋನ್ ಬಂತು. ಪುಸ್ತಕ ಕಳಿಸಿದ ಮೇಲೆ ಅವನ ಕಡೆಯಿಂದ ಬಂದ ಮೊದಲ ಮಾತು ಅದು.

“ವೀರಪ್ಪನ ಮನೆಯವ್ರು ಈ ಸಲ ಎಡೆಗೆ ಬರೂದಿಲ್ಲಂತೆ. ಅವ್ರು ಕೂರದೆ ಬಡಿಸೂಹಂಗಿಲ್ಲ. ಬಡಿಸದೆ ಎಡೆ ಇಲ್ಲ. ನಮ್ಮ ಅಜ್ಜನ ಕಾಲದಿಂದ ತಪ್ಪಿದ್ದಲ್ಲ ಇದು. ನೀವೇ ಬಂದು ಒಂದು ದಾರಿ ಮಾಡ್ಬೇಕು.”

“ಅವರು ಕೋಪ ಮಾಡಿಕೊಂಡಿದ್ದಾರಾ?”

“ಎಂತ ಕೇಳ್ತೀರಿ ಮಾರಾಯ್ರೆ,” ಎಂದು ಅವನು ಫೋನ್ ಇಟ್ಟ.

ಭಾನುವಾರ ಬೆಳಿಗ್ಗೆ ಅವಳು ಅಡ್ಡಗದ್ದೆಯಲ್ಲಿ ಬಸ್ಸಿಳಿದು ನಡೆದಳು. ಎದುರು ಬಂದವರೆಲ್ಲ ತನ್ನನ್ನು ಗುರುತಿಸಿ ಮುಖ ತಿರುಗಿಸುತ್ತಿದ್ದಾರೆ ಅನ್ನಿಸಿತು. ಕಣಿವೆಯ ತಿರುವಿನಲ್ಲಿ ನಾಲ್ಕು ಕಾರು ನಿಂತಿದ್ದವು. ರಘುಪತಿ ಬಳಗದ ಹತ್ತು ಹನ್ನೆರಡು ಜನರನ್ನು ಕರೆತಂದಿದ್ದರು. “ಕೊನೇ ವಾಕ್ಯವನ್ನು ಕಣ್ಣಾರೆ ನೋಡೋಣ ಅಂತ,” ಎಂದು ಖುಷಿಯಿಂದ ಕೈ ಬೀಸಿದರು.

ಅವಳು ಹೋದಾಗ ವೀರಪ್ಪ ತನ್ನ ಮನೆಯ ಜಗುಲಿಯಲ್ಲಿ ಕೂತು ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕತ್ತಿ ಬಿಗಿಯುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಅವಳನ್ನು ಕಂಡರೂ ಏಳಲಿಲ್ಲ.

“ಫೋನ್‌ನಲ್ಲಿ ರೆಕಾರ್ಡ್ ಹಾಕಿದ್ದೀರಾ?”

“ಇಲ್ಲ.”

“ಇಲ್ಲ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಅಲ್ಲಿಡಿ.”

ಅವಳು ಫೋನನ್ನು ಜಗುಲಿಯ ಮೂಲೆಯ ಒರಳಿನ ಮೇಲಿಟ್ಟಳು. ವೀರಪ್ಪ ಅದರ ಮೇಲೊಂದು ಗೋಣಿಚೀಲ ಎಸೆದ.

“ನಮ್ಮನೆ ಹುಡುಗಿ ಶೃಂಗೇರಿ ಬಸ್ಸಲ್ಲಿ ಕೂತ್ರೆ, ಹಿಂದಿನ ಸೀಟಿಂದ ‘ದಾರಿ ತೋರ್ಸೇ’ ಅಂತಾರಂತೆ. ಅವ್ಳಿಗೆ ಎಂತ ಉತ್ತರ ಹೇಳ್ಲಿ ನಾನು? ನೀವು ಹೇಳಿ, ಓದಿದವ್ರು.”

“ನಾನು ನಿಮ್ಮ ಹೆಸರು ಎಲ್ಲೂ ಬರೆದಿಲ್ಲ...”

“ಬೆನ್ನು ಬರ್ದಿದ್ದೀರಲ್ಲ. ಈ ಊರಲ್ಲಿ ಹಾಗೆ ಕೂರೂದು ಇನ್ಯಾರ ಬೆನ್ನು?”

ಒಳಗಿನಿಂದ ಅವನ ತಾಯಿ ಗಿರಿಯಮ್ಮ ಬಂದು ಹೊಸಿಲ ಮೇಲೆ ಕೂತರು. ಬಹಳ ಹೊತ್ತು ಶ್ರೀವಾಣಿಯ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿದೆಯೋ, ಲೆಕ್ಕಾಚಾರವಿದೆಯೋ ಅವಳಿಗೆ ತಿಳಿಯಲಿಲ್ಲ.

“ಮಗಾ, ನೀನು ತಿಮ್ಮಪ್ಪನ ಕೇಳಿದ್ದಿ. ಅವ್ರ ಮನೆ ಕತೆ ಅವ್ರು ಹೇಳ್ತಾರೆ. ನಮ್ಮನೆದು ನಾವೇ ಹೇಳ್ಬೇಕು. ಇಲ್ಲಿ ಒಬ್ರ ಸತ್ತವ್ರ ಬಗ್ಗೆ ಇನ್ನೊಬ್ರು ಬಾಯಿ ಹಾಕೂದಿಲ್ಲ. ಅವ ಅದಕ್ಕೇ ಸುಮ್ನಾಗಿದ್ದು. ಇಲ್ಲಿಗೆ ಎಷ್ಟು ದೂರ ಇತ್ತು ಹೇಳು? ಒಂದು ಗದ್ದೆ ದಾಟೂದು.”

ಶ್ರೀವಾಣಿ ಜಗುಲಿಯ ಅಂಚಿಗೆ ಕೂತಳು.

“ದಂಡು ಎರಡು ಕಡೆಯಿಂದ ಬಂತಂತೆ. ಬೈಚ ಆ ಕಡೆ ಮುಖ ಮಾಡಿದ, ನಮ್ಮ ಮಾಚ ಈ ಕಡೆ. ಬೆನ್ನಿಗೆ ಬೆನ್ನು. ಬೈಚ ಬಿದ್ದ. ಬಿದ್ದದ್ದು ಮಾಚನಿಗೆ ಗೊತ್ತಾಯ್ತು. ಆದ್ರೂ ತಿರುಗ್ಲಿಲ್ಲ. ತಿರುಗಿದ್ರೆ ದಾರಿ ಬಿಟ್ಟ ಹಾಗೆ ಅಲ್ವಾ? ಬೆಳಕು ಹರಿಯೂತನಕ ಹಾಗೇ ನಿಂತಿದ್ದ. ಅದಕ್ಕೇ ನಾವು ಕಾಲುದಾರಿ ನೋಡ್ತಾ ಕೂರೂದು. ಕಾವಲು ಕೂರದೆ ಊರು ಹೇಗೆ ಉಣ್ತದೆ?”

ಅಂಗಳದ ಆಚೆಯಿಂದ ರಘುಪತಿಯ ಬಳಗದವರ ನಗು ಕೇಳಿಸಿತು. ಶ್ರೀವಾಣಿಗೆ ತಾನು ಬರೆದ ಕೊನೆಯ ವಾಕ್ಯ ಅಕ್ಷರ ಅಕ್ಷರವಾಗಿ ನೆನಪಾಯಿತು. ನೋಡಿದ್ದು ಒಂದೂ ಸುಳ್ಳಲ್ಲ. ಬೆನ್ನು ಹಾಗೇ ಇತ್ತು, ಕಾಯುವ ಊರೂ ಹಾಗೇ ಇತ್ತು. ಮರುಕ್ಷಣ ಅವಳ ಹಳೆಯ ಚಾಳಿ ತಲೆಯೆತ್ತಿತು: ಈ ಮುದುಕಿ ತನ್ನ ಮನೆಯ ಮರ್ಯಾದೆಗಾಗಿ ಇದನ್ನು ಈಗ ಹೆಣೆದಿರಬಾರದೇಕೆ? ಆದರೆ ತನ್ನ ಮಾತಿಗೆ ಯಾವ ಸಾಕ್ಷಿ ಇತ್ತು? ಒಂದೂ ಇರಲಿಲ್ಲ.

“ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಅಮ್ಮಾ.”

“ಪುಸ್ತಕ ನಮ್ಮಲ್ಲಿ ಯಾರು ಓದ್ತಾರೆ?” ಎಂದ ವೀರಪ್ಪ. “ಕಲ್ಲಿನ ಹತ್ರ ಬಂದು ನಿಂತಿದ್ದಾರಲ್ಲ ನಿಮ್ಮವ್ರು, ಅವ್ರೆದುರು ಬಾಯಿಬಿಟ್ಟು ಹೇಳಿ. ಎಲೆ ಹಾಸೂದ್ರೊಳಗೆ. ಹಾಸಿದ ಮೇಲೆ ಮಾತಿಲ್ಲ.”

“ಹೇಳಿದರೆ ನೀವು ಬರುತ್ತೀರಾ?”

“ನಂಬಿಕೆ ಬಂದ್ರೆ ಬರ್ತೇವೆ.”

ಗೋಣಿಚೀಲದ ಕೆಳಗಿನಿಂದ ಫೋನ್ ತೆಗೆದುಕೊಂಡು ಅವಳು ಕಲ್ಲಿನ ಕಡೆ ಓಡುನಡಿಗೆಯಲ್ಲಿ ಹೋದಳು. ತಿಮ್ಮಪ್ಪ ಬಾಳೆಎಲೆಯ ಕಟ್ಟು ಬಿಚ್ಚುತ್ತಿದ್ದ. ಅವಳನ್ನು ನೋಡಿ ಕೈ ನಿಲ್ಲಿಸಿದ.

“ಎಲ್ಲರೂ ಒಂದು ನಿಮಿಷ ಕೇಳಿ.” ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. “ಮಾಚ ದ್ರೋಹಿ ಅಂತ ನನಗೆ ಯಾರೂ ಹೇಳಿಲ್ಲ. ನಾನೇ ಕಟ್ಟಿದ್ದು. ಸಭೆಯಲ್ಲಿ ಕೇಳಿದಾಗಲೂ ಹೇಳಲಿಲ್ಲ, ಚಪ್ಪಾಳೆಗೆ ಆಸೆಪಟ್ಟೆ. ಕೊನೆಯ ವಾಕ್ಯ ತಪ್ಪು. ಇವರು ನಾಚಿಕೆಗೆ ಬೆನ್ನು ಮಾಡಿ ಕೂರುವವರಲ್ಲ. ಕಾವಲಿಗೆ ಕೂರುವವರು.”

ರಘುಪತಿ ಹತ್ತಿರ ಬಂದು ದನಿ ತಗ್ಗಿಸಿದರು.

“ಈಗಷ್ಟೇ ಆ ಮನೆಯಿಂದ ಬಂದ್ರಿ, ನಾನು ನೋಡಿದೆ. ಎಂತ ಒತ್ತಡ ಹಾಕಿದ್ರು? ಹೆದರ್ಬೇಡಿ, ನಾವಿದ್ದೇವೆ.”

“ಒತ್ತಡ ಯಾರೂ ಹಾಕಿಲ್ಲ.”

“ಹಾಗೇ ಹೇಳ್ಬೇಕಾಗ್ತದೆ, ನನಗೆ ಅರ್ಥ ಆಗ್ತದೆ,” ಎಂದು ಅವರು ಕನಿಕರದಿಂದ ತಲೆಯಾಡಿಸಿದರು. ಹಿಂದಿನಿಂದ ಯಾರೋ, “ತಿದ್ದಿದ್ಮೇಲೆ ಆ ಮನೆಯೇ ಅಂತ ಇನ್ನೂ ಖಾತ್ರಿ ಆಯ್ತಲ್ಲ” ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ಈ ಜನರಿಗೆ ಹೀಗೆ ಓದಲು ಕಲಿಸಿದವಳು ತಾನೇ ಎಂದು ಶ್ರೀವಾಣಿಗೆ ಅನ್ನಿಸಿತು.

ತಿಮ್ಮಪ್ಪ ಮೊದಲ ಎಲೆ ಹಾಸಿದ. ಮಾತು ನಿಂತಿತು. ಒಂದೊಂದೇ ಮನೆಯವರು ಬಂದು ಕೂತರು. ಅನ್ನದ ಪಾತ್ರೆಯ ಮೇಲಿನ ಎಲೆ ಬಾಡತೊಡಗಿತು. ಕಲ್ಲಿಗೆ ಬೆನ್ನಾಗುವ ಕಡೆ ಹಾಸಿದ್ದ ಎರಡು ಎಲೆ ಖಾಲಿ ಇದ್ದವು. ಬಡಿಸುವವರು ಸೌಟು ಹಿಡಿದು ನಿಂತೇ ಇದ್ದರು. ತನ್ನ ಮಾತು ಆ ಮನೆಯ ತನಕ ಮುಟ್ಟಿತೋ, ಮುಟ್ಟಿದರೂ ನಂಬಿದರೋ ಅವಳಿಗೆ ತಿಳಿಯುವ ಬಗೆ ಇರಲಿಲ್ಲ.

ಆಗ ಬೇಲಿಯ ತಿರುವಿನ ಹಿಂದಿನಿಂದ ಗಿರಿಯಮ್ಮನ ಕೈ ಹಿಡಿದುಕೊಂಡು ವೀರಪ್ಪ ಬಂದ. ಅಷ್ಟು ಹೊತ್ತೂ ಅಲ್ಲೇ ನಿಂತು ಕೇಳುತ್ತಿದ್ದಿರಬೇಕು. ಯಾರ ಮುಖವನ್ನೂ ನೋಡದೆ ಇಬ್ಬರೂ ಕಾಲುದಾರಿಯ ಕಡೆ ತಿರುಗಿ ಕೂತರು.

ರಘುಪತಿಯ ಫೋನ್ ಮೇಲೆದ್ದಿತು. ಇನ್ನೂ ಎರಡು ಫೋನುಗಳು ಎದ್ದವು. ಮೂರೂ ವೀರಪ್ಪನ ಬೆನ್ನನ್ನು ಹುಡುಕುತ್ತಿದ್ದವು.

ಬೇಡ ಎನ್ನಲು ಮಾತಿಗೆ ಎಡೆಯಿರಲಿಲ್ಲ. ಶ್ರೀವಾಣಿ ಹೋಗಿ ವೀರಪ್ಪನ ಹಿಂದೆ, ಅವನಿಗೆ ಬೆನ್ನು ತಾಗುವಷ್ಟು ಹತ್ತಿರ, ಫೋನುಗಳ ಕಡೆ ಮುಖ ಮಾಡಿ ನಿಂತಳು. ಪರದೆಯ ತುಂಬ ಅವಳೇ ಬಂದಿರಬೇಕು. ರಘುಪತಿ ಸ್ವಲ್ಪ ಬಲಕ್ಕೆ ಸರಿದರು. ಅವಳೂ ಸರಿದಳು.

ಹಿಂದಿನಿಂದ ಎಲೆಯ ಮೇಲೆ ಅನ್ನ ಬಿದ್ದ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.